ಬೈದದ್ದು ಮಗನಿಗೆ, ತಗುಲಿದ್ದು ಅವ್ವನಿಗೆ

ಸಕಲೇಶಪುರ, ಆಲೂರು ಕಡೆ ಇಬ್ಬರು ಗೆಳೆಯರು ಬಹಳ ದಿನದ ಮೇಲೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರೆ ಬಾಯಿಂದ ಮೊದಲು ಹೊರಡೋದು ನಮಸ್ಕಾರ ಅಲ್ಲ. 'ಎಲ್ಲೋಗಿದ್ದೆ ಬೋಳೀಮಗನೆ ಇಷ್ಟು ದಿನ?' ಬೈಸಿಕೊಂಡವನು ನಗ್ತಾನೆ, ಇಬ್ಬರೂ ಟೀ ಕುಡಿಯೋಕೆ ಹೋಗ್ತಾರೆ. ಅದೇ ಮಾತು ಬೇಲಿ ಜಗಳದಲ್ಲಿ ಬಂದ್ರೆ ಕತ್ತಿ ಕೈಗೆ ಬರುತ್ತೆ. ಎರಡೂ ಸಲ ಆ 'ಬೋಳಿ' ಯಾರು ಅಂತ ಮಾತ್ರ ಯಾರೂ ಕೇಳಲ್ಲ.

ಕನ್ನಡದಲ್ಲಿ ಬೈಗುಳಕ್ಕೆ ಒಳ್ಳೆ ವಯಸ್ಸಾಗಿದೆ. ನಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು, ಕೊಟ್ಟ ದಾನ ಕೆಡಿಸಿದವನಿಗೆ ಮಹಾಪಾತಕ ಅಂತ ಶಪಿಸುತ್ತೆ. ಮುಂದಿನ ಶಾಸನಗಳು ಇನ್ನೂ ಖಾರ: ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟೋ ಗತಿ. ಆದ್ರೆ ಗಮನಿಸಿ, ಇಲ್ಲೆಲ್ಲ ತಪ್ಪು ಮಾಡಿದವನೇ ಹುಳು ಆಗ್ತಾನೆ. ಕೊಂಕಣದ ಶಿಲಾಹಾರರ ಕಾಲದ ಶಾಪದ ಕಲ್ಲುಗಳಲ್ಲಿ ದಿಕ್ಕು ಬದಲಾಗುತ್ತೆ. ಅಲ್ಲಿ ಹೆಂಗಸಿನ ಮೇಲೆ ಕತ್ತೆ ಏರಿರೋ ಚಿತ್ರ ಕೆತ್ತಿದಾರೆ. ದಾನ ಕೆಡಿಸಿದವನ ತಾಯಿಗೆ ಈ ಗತಿ ಅಂತ ಅರ್ಥ. ಅಕ್ಷರ ಬಾರದವನಿಗೂ ತಿಳಿಯುತ್ತೆ. ಭೂಮಿ ನುಂಗಿದವನು ಮಗ, ಕಲ್ಲಿನಲ್ಲಿ ಸಿಕ್ಕಿಹಾಕ್ಕೊಂಡವಳು ಅವ್ವ.

ಇನ್ನು 'ಸೂಳೇಮಗ'. ಬಾದಾಮಿ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ (696–733) ಒಂದು ಶಾಸನ ಇದೆ. ಅದರಲ್ಲಿ ವಿನಾಪೋಟಿ ಅನ್ನೋಳು ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಿದಾಳೆ. ಶಾಸನ ಅವಳನ್ನ ರಾಜನ ಪ್ರಾಣವಲ್ಲಭೆ ಅನ್ನುತ್ತೆ, ಜೊತೆಗೆ 'ಸೂಳೆಯರ್' ಅಂತಲೂ ಅನ್ನುತ್ತೆ. ಬಹುವಚನ ಯಾಕೆ ಅಂದ್ರೆ ಗೌರವಕ್ಕೆ, ನಾವು 'ಮೇಡಮ್ಮೋರು' ಅಂತೀವಲ್ಲ ಹಾಗೆ. ಅವಳ ಪೀಳಿಗೆ ಹೇಳೋವಾಗ ಅಪ್ಪನ ಹೆಸರೇ ಇಲ್ಲ, ಅಜ್ಜಿ ರೇವಮಂಚಿ, ತಾಯಿ ಕುಚಿಪೋಟಿ, ಅಷ್ಟೆ. ಅಂದ್ರೆ ಯಾವ ಕಾರಣಕ್ಕೆ ಇವತ್ತು ಸೂಳೇಮಗ ಅನ್ನೋದು ಅವಮಾನವೋ, ಅಪ್ಪನ ಹೆಸರು ಇಲ್ಲದಿರೋದು, ಅದನ್ನೇ ಅವಳು ಕಲ್ಲಲ್ಲಿ ಬರೆಸಿದಾಳೆ. ಹನ್ನೆರಡನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರಲ್ಲೂ ಆ ಪದ ಹಾಗೇ ಇದೆ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸೋ ಹೊತ್ತಿಗೆ ಪದದ ಮಾನ ಪೂರಾ ಹೋಗಿತ್ತು. (ಇಟಲಿಯವರ 'ಫಿಲ್ಯೋ ದಿ ಪುತ್ತಾನಾ' ಕೂಡ ಇದೇ ಸೂಳೇಮಗ. ಈ ವಿಷಯದಲ್ಲಿ ಗಂಡಸರದ್ದು ಎಲ್ಲಾ ಕಡೆ ಒಂದೇ ಸಿಲಬಸ್ಸು.)

ಬೋಳಿ ಅಂದ್ರೆ ಗಂಡ ಸತ್ತ ಮೇಲೆ ತಲೆ ಬೋಳಿಸಿದವಳು. ಸಂಸ್ಕೃತದ 'ಮುಂಡ' ಅಂದ್ರೂ ಬೋಳು ತಲೆಯೇ, ಅದರಿಂದ ಮುಂಡೆ, ಮುಂಡೇಮಗ. ಬೋಳಿಗೆ ಮಗ ಹುಟ್ಟಿದ ಅಂದ್ರೆ ಗಂಡ ಸತ್ತ ಮೇಲೆ ಹುಟ್ಟಿದ ಅನ್ನೋದು ಬೈಗುಳದ ಲೆಕ್ಕ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ ಆ ಕ್ಷೌರದ ಕತ್ತಿಯ ನೆನಪಿರುತ್ತೆ. ವಿಚಿತ್ರ ಏನಪ್ಪಾ ಅಂದ್ರೆ, ತಲೆ ಬೋಳಿಸೋ ಪದ್ಧತಿ ಮುಖ್ಯವಾಗಿ ಬ್ರಾಹ್ಮಣರ ಮನೆಗಳದ್ದು. ಒಕ್ಕಲು ಮಕ್ಕಳ ಎಷ್ಟೋ ಮನೆಗಳಲ್ಲಿ ವಿಧವೆಗೆ ಕೂಡಿಕೆ ಮದುವೆ ಇತ್ತು. ಪದ್ಧತಿ ಅಗ್ರಹಾರದಲ್ಲೇ ಉಳೀತು, ಬೈಗುಳ ಮಾತ್ರ ಗದ್ದೆ, ತೋಟ, ಲೈನ್‌ಮನೆ ಎಲ್ಲಾ ಕಡೆ ಹಬ್ಬಿತು. 1856ರಲ್ಲೇ ವಿಧವಾ ಮರುವಿವಾಹದ ಕಾಯ್ದೆ ಬಂತು. ಪದಕ್ಕೆ ಯಾವ ಕಾಯ್ದೆಯೂ ತಾಗಲಿಲ್ಲ.

ಗೆಳೆತನದಲ್ಲಿ ಹೇಳಿದಾಗ ಅರ್ಥ ಇರಲ್ಲ ಬಿಡಿ ಅಂತ ನಮ್ಮ ಕಡೆಯವರು ವಾದ ಮಾಡ್ತಾರೆ. ಅರ್ಧ ನಿಜ. ಪೂರಾ ನಿಜ ಅಲ್ಲ ಅಂತ ನನಗೆ ಗೊತ್ತಾಗಿದ್ದು ಏಳನೇ ಕ್ಲಾಸಲ್ಲಿ. ನನ್ನ ಜೊತೆಯ ಹುಡುಗನ ಅಪ್ಪ ಮೆಣಸು ಕೊಯ್ಯೋಕೆ ಸಿಲ್ವರ್ ಮರ ಹತ್ತಿ ಬಿದ್ದು ತೀರಿಕೊಂಡಿದ್ರು. ಕಾಫಿ ಕೊಯ್ಲಿನ ರಜೆಯಲ್ಲಿ ಅವನೂ ತೋಟಕ್ಕೆ ಹೋಗ್ತಿದ್ದ. ಒಂದ್ಸಂಜೆ ತೂಕದ ಹತ್ತಿರ ಅವನ ಕೈಯಿಂದ ಹಣ್ಣು ಚೆಲ್ಲಿತು. ರೈಟರ್ 'ಲೇ ಮುಂಡೇಮಗನೆ' ಅಂದ್ರು. ಬೇರೆ ಹುಡುಗರಿಗೂ ದಿನಾ ಹಾಗೇ ಅಂತಿದ್ರು, ಅವರ ಅಪ್ಪಂದಿರು ಅಲ್ಲೇ ನಿಂತು ನಗ್ತಿದ್ರು. ಅವತ್ತು ಯಾರೂ ನಗಲಿಲ್ಲ. ಅವನ ಅವ್ವ ತಲೆ ಮೇಲಿಂದ ಮೂಟೆ ಇಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು, 'ಹೌದು ರೈಟ್ರೇ, ನನ್ ಮಗನೇ. ತೂಕ ಸರಿಯಾಗಿ ಬರ್ಕಳಿ' ಅಂದ್ರು.