ಪುಟ್ಟ ಉಗಿ ಎಂಜಿನ್ನಿನ ಕಥೆ: ಗ್ಲಾಸ್ಗೋದಿಂದ ನಮ್ಮೂರ ಶಾಲೆವರೆಗೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲ್ಲೂಕುಗಳ ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು. ಮೈಲಿ ದೂರದಿಂದಲೇ ಫ್ಯಾಕ್ಟರಿಯ ಚಿಮಣಿ ಕಾಣುತ್ತದೆ. ಚಿಮಣಿ ಕೆಳಗೆ ಏನಿದೆ ಎಂಬುದು ಮಾತ್ರ ನಮ್ಮ ಶಾಲೆಯ ಮಕ್ಕಳಿಗೆ ಕಾಣುವುದಿಲ್ಲ.

ಅಲ್ಲಿ ಇರುವುದು ಉಗಿ. ರಸ ಹಿಂಡಿದ ಮೇಲೆ ಉಳಿದ ಕಬ್ಬಿನ ಸಿಪ್ಪೆಯನ್ನೇ ಬಾಯ್ಲರ್‌ ಕೆಳಗೆ ಉರಿಸುತ್ತಾರೆ. ನೀರು ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ, ಕರೆಂಟ್ ಹುಟ್ಟುತ್ತದೆ. ಟರ್ಬೈನ್ ತಿರುಗಿಸಿ ಹೊರಬಂದ ಅದೇ ಉಗಿ ಮುಂದೆ ಹೋಗಿ ಕಬ್ಬಿನ ರಸ ಕುದಿಸುತ್ತದೆ. ಅಂದರೆ ನಮ್ಮ ಭಾಗದ ರೈತನ ಬಿಲ್ಲು, ಫ್ಯಾಕ್ಟರಿ ನೌಕರನ ಪಗಾರ ಎರಡೂ ಉಗಿಯ ಮೇಲೆ ನಿಂತಿವೆ. ಆದರೆ ಆ ಉಗಿ ಹೇಗೆ ಕೆಲಸ ಮಾಡುತ್ತದೆಂದು ಕೈಯಿಂದ ಮಾಡಿ ನೋಡಿದ ಮಕ್ಕಳು ಎಷ್ಟು ಮಂದಿ?

ಈ ಪ್ರಶ್ನೆ ಇಟ್ಟುಕೊಂಡು ನಾವು ಉಗಿ ಎಂಜಿನ್ನಿನ ಇತಿಹಾಸ ಓದಲು ಕೂತಾಗ ಒಂದು ಸಂಗತಿ ಎದ್ದು ಕಂಡಿತು. ಉಗಿ ಎಂಜಿನ್ನಿಗೆ ದೊಡ್ಡ ತಿರುವು ಸಿಕ್ಕಿದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಪಾಠ ಹೇಳಲು ಇಟ್ಟಿದ್ದ ಪುಟ್ಟ ಮಾದರಿಯೊಂದು ಸರಿಯಾಗಿ ಓಡದೆ ಹೋದಾಗ.

ಇಂಗ್ಲೆಂಡಿನಲ್ಲಿ ಥಾಮಸ್ ನ್ಯೂಕಾಮನ್ ಎಂಬಾತ 1712ರಲ್ಲೇ ಉಗಿ ಎಂಜಿನ್ ಕಟ್ಟಿದ್ದ. ಗಣಿಯಲ್ಲಿ ತುಂಬಿದ ನೀರು ಮೇಲೆತ್ತುವುದು ಅದರ ಕೆಲಸ. ಸಿಲಿಂಡರ್ ಒಳಗೆ ಉಗಿ ಬಿಟ್ಟು, ಆಮೇಲೆ ತಣ್ಣೀರು ಚಿಮ್ಮಿಸುತ್ತಿದ್ದರು. ಉಗಿ ತಣಿದು ಮತ್ತೆ ನೀರಾಗುತ್ತಿತ್ತು, ಒಳಗೆ ಜಾಗ ಖಾಲಿಯಾಗುತ್ತಿತ್ತು, ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳುತ್ತಿತ್ತು. ಕಲ್ಲಿದ್ದಲು ವಿಪರೀತ ತಿನ್ನುತ್ತಿತ್ತು. ಆದರೆ ಕಲ್ಲಿದ್ದಲ ಗಣಿಯ ಬಾಯಲ್ಲೇ ನಿಂತ ಎಂಜಿನ್ನಿಗೆ ಅದೊಂದು ದೊಡ್ಡ ಖರ್ಚಾಗಿರಲಿಲ್ಲ. ಹೀಗೇ ಐವತ್ತು ವರ್ಷ ಕಳೆಯಿತು.

1763-64ರ ಸುಮಾರಿಗೆ ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಇದೇ ಎಂಜಿನ್ನಿನ ಮಾದರಿಯೊಂದು ರಿಪೇರಿಗೆ ಬಂತು. ಎರಡು ಇಂಚು ಅಗಲದ ಸಿಲಿಂಡರ್. ಅಲ್ಲಿ ಉಪಕರಣ ತಯಾರಿಸಿ, ರಿಪೇರಿ ಮಾಡುತ್ತಿದ್ದ ಯುವಕನ ಹೆಸರು ಜೇಮ್ಸ್ ವಾಟ್. ಆತ ರಿಪೇರಿ ಮಾಡಿದ, ಆದರೂ ನಾಲ್ಕಾರು ಸಲ ಆಡಿ ಎಂಜಿನ್ ನಿಂತುಬಿಡುತ್ತಿತ್ತು. ಬಾಯ್ಲರಿನ ಉಗಿಯೆಲ್ಲ ಅಷ್ಟರಲ್ಲೇ ಖಾಲಿ.

ಯಾಕೆ? ಸಣ್ಣ ಕಪ್ಪಿನ ಚಹಾ ದೊಡ್ಡ ಪಾತೇಲಿಯ ಚಹಾಕ್ಕಿಂತ ಬೇಗ ಆರುತ್ತದಲ್ಲ, ಅದೇ ಕಾರಣ. ಸಣ್ಣ ಸಿಲಿಂಡರಿನ ಒಳಗಿರುವ ಉಗಿಗೆ ಹೋಲಿಸಿದರೆ ಅದರ ಗೋಡೆ ಹೆಚ್ಚು. ಪ್ರತಿ ಸಲ ತಣ್ಣೀರು ಬಿದ್ದಾಗ ಗೋಡೆ ತಣ್ಣಗಾಗುತ್ತಿತ್ತು. ಮುಂದಿನ ಸಲ ಬಂದ ಉಗಿಯ ಬಹುಪಾಲು ಆ ಗೋಡೆ ಬಿಸಿ ಮಾಡುವುದಕ್ಕೇ ಹೋಗುತ್ತಿತ್ತು. ದೊಡ್ಡ ಎಂಜಿನ್ನಿನಲ್ಲೂ ಇದೇ ದೋಷವಿತ್ತು, ಆದರೆ ಅದು ಹೇಗೋ ಓಡುತ್ತಿತ್ತು, ಹಾಗಾಗಿ ದೋಷ ಮುಚ್ಚಿಹೋಗಿತ್ತು. ಮಾದರಿ ಆ ದೋಷವನ್ನು ಬಯಲಿಗೆ ತಂದಿತು.

1765ರಲ್ಲಿ ವಾಟ್‌ಗೆ ದಾರಿ ಹೊಳೆಯಿತು. ಉಗಿಯನ್ನು ಸಿಲಿಂಡರಿನಲ್ಲೇ ತಣಿಸಬಾರದು, ಪಕ್ಕದಲ್ಲಿ ಬೇರೆ ಪಾತ್ರೆ ಇಟ್ಟು ಅಲ್ಲಿ ತಣಿಸಬೇಕು. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೂ ಎಂಜಿನ್ ಗಣಿಗೆ, ಕಾರ್ಖಾನೆಗೆ ಹೋಗಿ ನಿಂತಿದ್ದು 1776ರಲ್ಲಿ. ನಡುವೆ ಇಷ್ಟು ವರ್ಷ ಯಾಕೆ ಬೇಕಾಯಿತು? ದೊಡ್ಡ ಸಿಲಿಂಡರನ್ನು ಒಳಗಿನಿಂದ ಸರಿಯಾಗಿ ದುಂಡಗೆ ಕೊರೆಯುವವರು ಸಿಗದೇ ಇದ್ದದ್ದು ಒಂದು ಮುಖ್ಯ ಕಾರಣ. ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕೆಲಸಗಾರ 1774ರಲ್ಲಿ ತೋಪು ಕೊರೆಯುವ ಹೊಸ ಯಂತ್ರ ಮಾಡಿದ. ಅದೇ ಕೌಶಲದಿಂದ ವಾಟ್‌ಗೆ ಸರಿಯಾದ ಸಿಲಿಂಡರ್ ಸಿಕ್ಕಿತು. ತಲೆಯಲ್ಲಿ ಹೊಳೆದದ್ದು ಹತ್ತು ವರ್ಷ ಕೈಗಾಗಿ ಕಾದು ಕೂತಿತ್ತು ಎಂದರೆ ತಪ್ಪಲ್ಲ.

ಇದು ಬಿಳಿಯರ ಕಥೆ ಮಾತ್ರ ಎಂದುಕೊಳ್ಳಬೇಡಿ. ಬಂಗಾಳದ ಶ್ರೀರಾಂಪುರದಲ್ಲಿ ಮಿಷನರಿಗಳು ಕಾಗದದ ಕಾರ್ಖಾನೆಗೆಂದು 1820ರಲ್ಲಿ ಇಂಗ್ಲೆಂಡಿನಿಂದ ಉಗಿ ಎಂಜಿನ್ ತರಿಸಿದ್ದರು. ಅದನ್ನು ನೋಡಲು ಜನ ಬರುತ್ತಿದ್ದರು. ನದಿಯ ಆಚೆ ದಡದ ಟಿಟಾಗಢದ ಕಂಬಾರ ಗೋಲೋಕ ಚಂದ್ರ ಅದನ್ನು ನೋಡಿ ತಾನೇ ಒಂದು ಮಾದರಿ ಮಾಡಿದ, ಯಾವ ಯುರೋಪಿಯನ್ನರ ನೆರವೂ ಇಲ್ಲದೆ. 1828ರಲ್ಲಿ ಕಲ್ಕತ್ತೆಯ ಪ್ರದರ್ಶನದಲ್ಲಿ ಅದನ್ನು ಇಟ್ಟಾಗ 50 ರೂಪಾಯಿ ಬಹುಮಾನ ಬಂತು. ಈ ಕಂಬಾರನ ಹೆಸರು ನಮ್ಮ ಶಾಲೆಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮ ಸೀಮೆಗೆ ಉಗಿ ಬಂದದ್ದು ರೈಲಿನ ಜೊತೆ. ಸದರ್ನ್ ಮರಾಠಾ ರೈಲ್ವೆಯ ಹೋಟಗಿ-ಗದಗ ಮಾರ್ಗ ವಿಜಯಪುರ, ಬಾಗಲಕೋಟೆ ಮೇಲೆ ಹಾದು 1884ರಲ್ಲಿ ತೆರೆಯಿತು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು, ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ಕನ್ನಡದ ಕೈಗಳು ಕಲಿತವು.

ಅದೇ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದರು. ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ನಮ್ಮ ಹೊಲದ ಬಾವಿ ಮೇಲೆ ಕೂತ ಪಂಪಿನ ಹೆಸರಿನ ಹಿಂದೆ ಪಾಠದ ಕೋಣೆಯಿಂದ ಎದ್ದು ಬಂದ ಒಬ್ಬ ಮಾಸ್ತರ ಇದ್ದಾರೆ.

ಹಾಗಾದರೆ ಶಾಲೆಯಲ್ಲಿ ಕೈಕೆಲಸ ಯಾಕಿಲ್ಲ? ಹೇಳಿದವರು ಕಡಿಮೆಯೇನಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕವೇ ಕಲಿಸಬೇಕೆಂದರು. 1964-66ರ ಕೊಠಾರಿ ಆಯೋಗ ಕೆಲಸದ ಅನುಭವ ಪಠ್ಯದ ಭಾಗವಾಗಲಿ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ವಿಷಯವನ್ನೇ ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಊರಿನ ಕಸುಬುದಾರರ ಬಳಿ ಕಲಿಯಲಿ ಎನ್ನುತ್ತದೆ. ಆ ನೀತಿ ಬೇಕೋ ಬೇಡವೋ ಎಂಬ ವಾದ ನಮ್ಮ ರಾಜ್ಯದಲ್ಲಿ ಇದೆ, ಇರಲಿ. ಕಂಬಾರನ ಬಳಿ ಕಲಿಯಲು ಯಾವ ನೀತಿಯ ಅಪ್ಪಣೆಯೂ ಬೇಕಿಲ್ಲ. ಇಷ್ಟೆಲ್ಲ ಹೇಳಿದರೂ ನಮ್ಮ ಹುಡುಗರು ಮೊದಲ ಸಲ ಅರ ಹಿಡಿದು ಕಬ್ಬಿಣ ಉಜ್ಜುವುದು ಸಾಮಾನ್ಯವಾಗಿ ಹತ್ತನೇ ತರಗತಿ ಮುಗಿಸಿ ಐಟಿಐ ಸೇರಿದ ಮೇಲೆ. ಹುಡುಗಿಯರಲ್ಲಿ ಬಹಳಷ್ಟು ಮಂದಿಗೆ ಅದೂ ಇಲ್ಲ. ಅಂಕ ಬರದ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ವಿಜ್ಞಾನ ಪ್ರದರ್ಶನಕ್ಕೆ ಥರ್ಮಾಕೋಲ್ ಮಾದರಿ ಸಾಕು ಎಂದಾಯಿತು. ಥರ್ಮಾಕೋಲ್ ಎಂಜಿನ್ ಎಂದೂ ಕೆಡುವುದಿಲ್ಲ, ಯಾಕೆಂದರೆ ಅದು ಓಡುವುದೇ ಇಲ್ಲ. ಕೆಡದ ಮಾದರಿ ವಾಟ್‌ಗೆ ಏನು ಕಲಿಸುತ್ತಿತ್ತು?

ಶಾಲೆಯಲ್ಲಿ ಮಾಡಬಹುದಾದ ಅತಿ ಸರಳ ಎಂಜಿನ್ ಎಂದರೆ ತೂಗಾಡುವ ಸಿಲಿಂಡರಿನದು. ಬೇಕಾಗುವುದು ಹೆಬ್ಬೆರಳಿಗಿಂತ ಸಣ್ಣ ಹಿತ್ತಾಳಿ ನಳಿಗೆ, ಅದರೊಳಗೆ ಸರಿಯುವ ಪಿಸ್ಟನ್, ಒಂದು ಭಾರದ ಗಾಲಿ, ನಿಲ್ಲಿಸಲು ಒಂದು ಪಟ್ಟಿ. ಪಿಸ್ಟನ್ನಿನ ಕಡ್ಡಿ ನೇರವಾಗಿ ಗಾಲಿಯ ಪಿನ್ನಿಗೆ ಸೇರಿರುತ್ತದೆ. ಗಾಲಿ ತಿರುಗಿದಂತೆ ಸಿಲಿಂಡರ್ ಆಚೆ ಈಚೆ ತೂಗುತ್ತದೆ. ಒಂದು ಕಡೆ ವಾಲಿದಾಗ ಅದರ ತೂತು ಉಗಿ ಬರುವ ತೂತಿಗೆ ಕೂಡುತ್ತದೆ, ಇನ್ನೊಂದು ಕಡೆ ವಾಲಿದಾಗ ಉಗಿ ಹೊರಹೋಗುವ ತೂತಿಗೆ. ಬೇರೆ ವಾಲ್ವ್ ಬೇಡ. ರಬಕವಿ-ಬನಹಟ್ಟಿಯ ಮಕ್ಕಳಿಗೆ ಇದು ಸುಲಭ: ಪವರ್‌ಲೂಮಿನಲ್ಲಿ ಕ್ರ್ಯಾಂಕ್ ತಿರುಗಿ ಹಣಿಗೆ ಹಿಂದೆ ಮುಂದೆ ಆಡುತ್ತದೆ, ಇಲ್ಲಿ ಪಿಸ್ಟನ್ ಹಿಂದೆ ಮುಂದೆ ಆಡಿ ಗಾಲಿ ತಿರುಗುತ್ತದೆ.

ಇದರಲ್ಲಿ ಗಣಿತವೂ ಇದೆ. ಪಿಸ್ಟನ್ 20 ಮಿಲಿಮೀಟರ್ ಓಡಬೇಕೆಂದರೆ ಪಿನ್ನು ಗಾಲಿಯ ನಡುವಿನಿಂದ 10 ಮಿಲಿಮೀಟರ್ ದೂರ ಇರಬೇಕು. ತೂತು ಕೊರೆಯುವ ಜಾಗ ಕೈವಾರದಿಂದಲೇ ಗುರುತಿಸಬೇಕು. ಪಿಸ್ಟನ್ ಬಿಗಿಯಾದರೆ ಅಲುಗದು, ಸಡಿಲಾದರೆ ಸೋರುತ್ತದೆ. ಎಲ್ಲಿ ತಪ್ಪಿತೆಂದು ಹುಡುಕುವುದರಲ್ಲೇ ಅರ್ಧ ಪಾಠ ಮುಗಿಯುತ್ತದೆ.

ಒಂದು ಎಚ್ಚರಿಕೆ. ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನೀರು ಕಾಯಿಸುವುದು ಬಾಂಬ್ ಮಾಡಿದಂತೆ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆಯೇ, 1864ರಲ್ಲಿ, ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂದದ್ದು. ಆದ್ದರಿಂದ ಶಾಲೆಯಲ್ಲಿ ಬಾಯ್ಲರ್ ಬೇಡವೇ ಬೇಡ. ಈ ಎಂಜಿನ್ ಸೈಕಲ್ ಪಂಪಿನ ಗಾಳಿಯಲ್ಲೂ ಓಡುತ್ತದೆ. ಗಾಳಿ ಇರಲಿ ಉಗಿ ಇರಲಿ, ಪಿಸ್ಟನ್ನಿಗೆ ಬೇಕಾದದ್ದು ಒತ್ತಡ ಮಾತ್ರ.

ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಲೇಥ್ ಅಂಗಡಿಗಳಿವೆ, ಕಂಬಾರರಿದ್ದಾರೆ, ಲೂಮ್ ರಿಪೇರಿ ಮಾಡುವ ಮಿಸ್ತ್ರಿಗಳಿದ್ದಾರೆ. ನೀವು ಶಿಕ್ಷಕರಾಗಿದ್ದರೆ, ಎಸ್‌ಡಿಎಂಸಿ ಸದಸ್ಯರಾಗಿದ್ದರೆ, ಮುಂದಿನ ವಿಜ್ಞಾನ ಪ್ರದರ್ಶನಕ್ಕೆ ಮೊದಲು ಅವರಲ್ಲಿ ಒಬ್ಬರನ್ನು ನಾಲ್ಕು ಶನಿವಾರ ಶಾಲೆಗೆ ಕರೆಯಿರಿ. ಎಂಜಿನ್ ಮೊದಲ ದಿನವೇ ಓಡದಿದ್ದರೆ ಬೇಸರ ಬೇಡ, ಯಾಕೆ ಓಡಲಿಲ್ಲ ಎಂದು ಮಕ್ಕಳನ್ನೇ ಕೇಳಿ.