ಸ್ವಪಕ್ಷದವರಿಗೆ ತಗಲುವ ಹೊಡೆತ (ಟೇಬಲ್‌ಟಾಪ್ ಆಟಗಳು)

ಟೇಬಲ್‌ಟಾಪ್ ರೋಲ್-ಪ್ಲೇಯಿಂಗ್ ಆಟಗಳ ಕಾಳಗದಲ್ಲಿ ಶತ್ರುವಿನತ್ತ ಬೀಸಿದ ಆಯುಧ, ಬಿಟ್ಟ ಬಾಣ ಅಥವಾ ಪ್ರಯೋಗಿಸಿದ ಮಂತ್ರವು ದಾಳಿಕಾರನ ಸಂಗಡಿಗರಿಗೇ ತಗಲುವುದನ್ನು ಸ್ವಪಕ್ಷದವರಿಗೆ ತಗಲುವ ಹೊಡೆತ ಎನ್ನಬಹುದು. ಸೈನಿಕ ಪರಿಭಾಷೆಯಿಂದ ಬಂದ ‘ಫ್ರೆಂಡ್ಲಿ ಫೈರ್’ ಎಂಬ ಹೆಸರು ಇದಕ್ಕೆ ಬಳಕೆಯಲ್ಲಿದೆ. ಇಂತಹ ಹೊಡೆತ ಯಾವಾಗ ತಗಲುತ್ತದೆ ಎಂಬುದನ್ನು ಪ್ರತಿಯೊಂದು ಆಟದ ನಿಯಮಪುಸ್ತಕವೂ ತನ್ನದೇ ಆದ ರೀತಿಯಲ್ಲಿ ನಿರ್ಧರಿಸುತ್ತದೆ.

ಹಿನ್ನೆಲೆ

ಈ ಆಟಗಳಲ್ಲಿ ಮೇಜಿನ ಸುತ್ತ ಕುಳಿತ ಒಬ್ಬೊಬ್ಬ ಆಟಗಾರರೂ ಒಂದೊಂದು ಕಾಲ್ಪನಿಕ ಪಾತ್ರವನ್ನು ನಡೆಸುತ್ತಾರೆ. ಶತ್ರುಗಳನ್ನೂ ಉಳಿದ ಜಗತ್ತನ್ನೂ ಗೇಮ್ ಮಾಸ್ಟರ್ ನಿರ್ವಹಿಸುತ್ತಾರೆ. ದಾಳಿಯ ಫಲವನ್ನು ಸಾಮಾನ್ಯವಾಗಿ ದಾಳ ಉರುಳಿಸಿ ತಿಳಿಯಲಾಗುತ್ತದೆ. ಈ ಪ್ರಕಾರದ ಮೊದಲ ಪ್ರಕಟಿತ ಆಟವಾದ ಡಂಜನ್ಸ್ ಅಂಡ್ ಡ್ರಾಗನ್ಸ್ (1974), ಚೈನ್‌ಮೇಲ್ (1971) ಮುಂತಾದ ಯುದ್ಧದಾಟಗಳಿಂದ ಬೆಳೆದು ಬಂದಿತು. ಯುದ್ಧದಾಟದಲ್ಲಿ ಇಡೀ ಸೈನ್ಯವೇ ಒಬ್ಬ ಆಟಗಾರನದು. ತನ್ನ ಕಡೆಗೆ ಬಿದ್ದ ಪೆಟ್ಟು ತನ್ನದೇ ನಷ್ಟ. ಪಾತ್ರಾಭಿನಯದ ಆಟದಲ್ಲಾದರೋ ಪೆಟ್ಟು ತಿನ್ನುವ ಸಂಗಡಿಗ ಮತ್ತೊಬ್ಬ ಆಟಗಾರನ ಪಾತ್ರವಾಗಿರುತ್ತಾನೆ. ಆದ್ದರಿಂದ ಒಬ್ಬರ ನಿರ್ಧಾರದ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗುತ್ತದೆ.

ಬೀಸುದಾಳಿ

ಒಂದೇ ಬೀಸಿನಲ್ಲಿ ಸುತ್ತಲಿನ ಹಲವರನ್ನು ಹೊಡೆಯುವ ದಾಳಿಯಲ್ಲಿ, ನಿಯಮವು ಗುರಿಯನ್ನು ಹೆಸರಿಸುವ ಪದವೇ ನಿರ್ಣಾಯಕ. 2003ರಲ್ಲಿ ಪ್ರಕಟವಾದ ಸ್ಯಾವೇಜ್ ವರ್ಲ್ಡ್ಸ್ ಆಟದ 2011ರ ಡೀಲಕ್ಸ್ ಆವೃತ್ತಿಯಲ್ಲಿ ‘ಸ್ವೀಪ್’ ಎಂಬ ಸಾಮರ್ಥ್ಯವಿದೆ. ಅದನ್ನು ಬಳಸುವವನು ದಾಳದ ಫಲದಿಂದ 2 ಕಳೆದು, ಪಕ್ಕದಲ್ಲಿರುವ ಎಲ್ಲರ ಮೇಲೂ ಒಂದೇ ದಾಳಿಯನ್ನು ಅನ್ವಯಿಸುತ್ತಾನೆ. ಇಲ್ಲಿ ಮಿತ್ರ, ಶತ್ರು ಎಂಬ ಭೇದವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಡಂಜನ್ಸ್ ಅಂಡ್ ಡ್ರಾಗನ್ಸ್‌ನ ನಾಲ್ಕನೆಯ ಆವೃತ್ತಿಯ (2008) ‘ಸ್ವೀಪಿಂಗ್ ಬ್ಲೋ’ ಸುತ್ತಲಿನ ಶತ್ರುಗಳಿಗಷ್ಟೇ ತಗಲುತ್ತದೆ. ಪಾತ್‌ಫೈಂಡರ್‌ನ ಎರಡನೆಯ ಆವೃತ್ತಿಯ (2019) ‘ಸ್ವೈಪ್’ ಕೂಡ ಒಂದರ ಪಕ್ಕದಲ್ಲೊಂದಿರುವ ಇಬ್ಬರು ಶತ್ರುಗಳಿಗೆ ಸೀಮಿತ. ಮೊದಲ ಬಗೆಯ ನಿಯಮದಲ್ಲಿ ಖಡ್ಗಧಾರಿಯು ಬೀಸುವ ಮುನ್ನ ಸಂಗಡಿಗರು ದೂರ ಸರಿಯಬೇಕು. ಎರಡನೆಯದರಲ್ಲಿ ಅವರು ಹೆಗಲಿಗೆ ಹೆಗಲು ಕೊಟ್ಟು ಹೋರಾಡಬಹುದು.

ವಿಸ್ತಾರ ದಾಳಿ

ಒಂದು ಪ್ರದೇಶವನ್ನೇ ಆವರಿಸುವ ದಾಳಿಗಳು ಸಾಮಾನ್ಯವಾಗಿ ಅಲ್ಲಿರುವ ಎಲ್ಲರನ್ನೂ ತಾಕುತ್ತವೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೆಯ ಆವೃತ್ತಿಯಲ್ಲಿ (2014) ‘ಫೈರ್‌ಬಾಲ್’ ಮಂತ್ರವು 20 ಅಡಿ ತ್ರಿಜ್ಯದ ಗೋಳದೊಳಗಿನ ಪ್ರತಿಯೊಂದು ಜೀವಿಯನ್ನೂ ಸುಡುತ್ತದೆ. ಹಾನಿಯ ಪ್ರಮಾಣವನ್ನು ಆರು ಮುಖಗಳ 8 ದಾಳಗಳು ನಿರ್ಣಯಿಸುತ್ತವೆ. ಚುರುಕಾಗಿ ತಪ್ಪಿಸಿಕೊಂಡವರಿಗೆ ಅರ್ಧ ಹಾನಿ. ಸಂಗಡಿಗರನ್ನು ಕಾಪಾಡುವ ಉಪಾಯಗಳನ್ನೂ ಇದೇ ಆವೃತ್ತಿ ನೀಡಿದೆ. ‘ಸ್ಕಲ್ಪ್ಟ್ ಸ್ಪೆಲ್ಸ್’ ಬಲ್ಲ ಮಾಂತ್ರಿಕನು ಆಯ್ದ ಕೆಲವರನ್ನು ಪೂರ್ಣವಾಗಿ ಉಳಿಸಬಲ್ಲನು. ‘ಕೇರ್‌ಫುಲ್ ಸ್ಪೆಲ್’ ಬಳಸಿದರೆ ಫೈರ್‌ಬಾಲ್‌ನ ಅರ್ಧ ಹಾನಿ ಅವರಿಗೂ ತಪ್ಪುವುದಿಲ್ಲ.

ಗುರಿ ತಪ್ಪಿದ ದಾಳಿ

ಕೈಕೈ ಮಿಲಾಯಿಸಿದವರ ನಡುವೆ ಬಾಣ ಬಿಡುವ ಸಂದರ್ಭದಲ್ಲಿ ನಿರ್ಣಯವನ್ನು ಅದೃಷ್ಟಕ್ಕೆ ಬಿಡುವುದುಂಟು. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಪ್ರಕಾರ, ಹೋರಾಡುತ್ತಿರುವವರ ಸಂಖ್ಯೆ ಮತ್ತು ಗಾತ್ರವನ್ನು ಲೆಕ್ಕಹಾಕಿ ಬಾಣ ಯಾರತ್ತ ಹೋಯಿತೆಂಬುದನ್ನು ದಾಳದಿಂದ ನಿರ್ಣಯಿಸಬೇಕು. 1978ರ ರೂನ್‌ಕ್ವೆಸ್ಟ್‌ನಲ್ಲಿ ಘೋರ ವೈಫಲ್ಯಗಳ ಪಟ್ಟಿಯಲ್ಲೇ ಹತ್ತಿರದ ಮಿತ್ರನಿಗೆ ಹೊಡೆಯುವುದು ಸೇರಿದೆ. ಸ್ಯಾವೇಜ್ ವರ್ಲ್ಡ್ಸ್‌ನಲ್ಲಿ ಗುಂಡು ಗುರಿ ತಪ್ಪಿ, ಕೌಶಲದ ದಾಳದಲ್ಲಿ 1 ಬಿದ್ದರೆ ಗುರಿಯ ಪಕ್ಕದವನೊಬ್ಬನಿಗೆ ಅದು ತಗಲುತ್ತದೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 3.5 ಆವೃತ್ತಿಯು (2003) ಮಿತ್ರನೊಡನೆ ಸೆಣಸುತ್ತಿರುವ ಶತ್ರುವಿಗೆ ಬಾಣ ಬಿಡುವವನ ದಾಳದ ಫಲದಲ್ಲಿ 4 ಕಳೆಯುತ್ತದೆ. ಮಿತ್ರನನ್ನು ತಪ್ಪಿಸಲು ತೋರುವ ಎಚ್ಚರವನ್ನು ಈ ಕಡಿತ ಸೂಚಿಸುತ್ತದೆ. ‘ಪ್ರಿಸೈಸ್ ಶಾಟ್’ ಕಲಿತವರಿಗೆ ಕಡಿತವಿಲ್ಲ.

ಆಟದ ಮೇಲಿನ ಪರಿಣಾಮ

ವಿಸ್ತಾರ ದಾಳಿಯಲ್ಲಿ ಹಾನಿ ಮೊದಲೇ ತಿಳಿದಿರುವುದರಿಂದ ಅದು ಆಯ್ಕೆಯ ಪ್ರಶ್ನೆ. ಸಾಯುತ್ತಿರುವ ತಂಡವನ್ನು ಉಳಿಸಲು ಒಬ್ಬ ಸಂಗಡಿಗನನ್ನು ಬೆಂಕಿಗೊಡ್ಡಬೇಕೆ ಎಂಬುದನ್ನು ಆಟಗಾರರು ಚರ್ಚಿಸಬಹುದು. ಆ ಸಂಗಡಿಗನ ಆಟಗಾರನೇ ಒಪ್ಪಿಗೆ ನೀಡಬಹುದು. ಗುರಿ ತಪ್ಪಿದ ದಾಳಿಯಲ್ಲಿ ಆ ಅವಕಾಶವಿಲ್ಲ. ದಾಳ ಬಿದ್ದ ಮೇಲಷ್ಟೇ ಪೆಟ್ಟು ಯಾರಿಗೆಂದು ತಿಳಿಯುತ್ತದೆ. ಇಂತಹ ನಿಯಮವು ಕಾಳಗಕ್ಕೆ ನೈಜತೆಯನ್ನು ತರುತ್ತದೆಯಾದರೂ, ಬಿಲ್ಲುಗಾರರು ತಮ್ಮ ಸರದಿಯಲ್ಲಿ ಸುಮ್ಮನಿರುವಂತೆ ಮಾಡಲೂಬಹುದು. ಪುಸ್ತಕದ ನಿಯಮವನ್ನು ಬದಲಿಸುವ ಸ್ವಾತಂತ್ರ್ಯ ಪ್ರತಿ ತಂಡಕ್ಕೂ ಇರುತ್ತದೆ. ಬದಲಾವಣೆಯನ್ನು ಕಾಳಗಕ್ಕೆ ಮುನ್ನವೇ ಎಲ್ಲರಿಗೂ ತಿಳಿಸಿದ್ದರೆ, ಯಾರ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನು ಆಟಗಾರರು ಅರಿತು ನಿರ್ಧರಿಸಬಲ್ಲರು.