ಹನ್ನೆರಡು ವರ್ಷದ ಕ್ಷಾಮ ಮತ್ತು ಇಂದಿನ ಭೂತಾಪ

ಕರ್ನಾಟಕದ ಜೈನ ಪರಂಪರೆಯು ತನ್ನ ಇತಿಹಾಸವನ್ನು ಒಂದು ಕ್ಷಾಮದಿಂದ ಆರಂಭಿಸುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸುಮಾರು ಕ್ರಿ.ಶ. 600ರ ಕಾಲದ ಶಾಸನವೊಂದಿದೆ. ನಿಮಿತ್ತಜ್ಞಾನಿಗಳಾದ ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಪತ್ತು ಒದಗಲಿರುವುದನ್ನು ಮುಂಚಿತವಾಗಿ ಅರಿತು ತಿಳಿಸಿದರೆಂದೂ, ಮುನಿಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣದ ಸಮೃದ್ಧ ನಾಡನ್ನು ಸೇರಿತೆಂದೂ ಅದು ತಿಳಿಸುತ್ತದೆ. ಮೌರ್ಯ ಚಂದ್ರಗುಪ್ತನೂ ಗುರುಗಳೊಡನೆ ಬಂದು ಇಲ್ಲಿಯೇ ಸಲ್ಲೇಖನ ಕೈಗೊಂಡನೆಂಬುದು ಪರಂಪರೆಯ ನಂಬಿಕೆ.

ಈ ವೃತ್ತಾಂತದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉತ್ತರದಲ್ಲಿ ಮಳೆ ಕೈಕೊಟ್ಟಾಗ ದಕ್ಷಿಣದಲ್ಲಿ ಬೆಳೆಯಿತ್ತು. ಆ ಕ್ಷಾಮಕ್ಕೆ ಒಂದು ಎಲ್ಲೆಯಿತ್ತು; ಅದನ್ನು ದಾಟಿ ನಡೆಯಲು ದಾರಿಯಿತ್ತು.

“ಹವಾಮಾನ ಹಿಂದೆಯೂ ಬದಲಾಗಿತ್ತಲ್ಲವೇ? ಇಂದಿನ ಬಿಸಿಲಿನಲ್ಲಿ ಹೊಸತೇನಿದೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಇತಿಹಾಸದಿಂದಲೇ ಅದಕ್ಕೆ ಉತ್ತರ ಹುಡುಕಬಹುದು.

ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಕೊನೆಯ ಘಟ್ಟದಲ್ಲಿ, ಭೂಮಿಯ ಸರಾಸರಿ ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಕಡಿಮೆಯಿತ್ತು. ಭೂಮಿಯ ಕಕ್ಷೆ ಮತ್ತು ಅಕ್ಷದಲ್ಲಿ ನಿಧಾನವಾಗಿ ಆದ ವ್ಯತ್ಯಾಸದಿಂದ ಹಿಮ ಕರಗತೊಡಗಿತು. ಆ ತಾಪ ಏರಲು ಸುಮಾರು ಹತ್ತು ಸಾವಿರ ವರ್ಷಗಳು ಹಿಡಿದವು. ಅಂದರೆ ಸಾವಿರ ವರ್ಷಕ್ಕೆ ಅರ್ಧ ಡಿಗ್ರಿಯಷ್ಟು. ಮುಂದೆ ಕ್ರಿ.ಶ. 14 ಮತ್ತು 15ನೆಯ ಶತಮಾನಗಳಲ್ಲಿ ಮುಂಗಾರು ಪದೇ ಪದೇ ದುರ್ಬಲವಾಯಿತೆಂಬುದಕ್ಕೆ ಛತ್ತೀಸಗಢದ ದಂಡಕ ಗುಹೆಯ ಸುಣ್ಣದ ಕಂಬಗಳ ಪದರಗಳಲ್ಲಿ ಸಾಕ್ಷ್ಯ ದೊರೆತಿದೆ. ದಖ್ಖನಿನ ಜನ ದುರ್ಗಾದೇವಿ ಕ್ಷಾಮವೆಂದು ನೆನೆದ, 1396ರಿಂದ ಹನ್ನೆರಡು ವರ್ಷ ಕಾಡಿತೆನ್ನಲಾದ ಬರಗಾಲವೂ ಇದೇ ಅವಧಿಯದು.

ಇನ್ನು 1876-78ರ ಮಹಾಕ್ಷಾಮವು ನಮ್ಮ ತುಮಕೂರು ಸೀಮೆಯನ್ನೇ ಸುಟ್ಟಿತು. ಪೆಸಿಫಿಕ್ ಸಾಗರದ ನೀರು ಅಸಾಧಾರಣವಾಗಿ ಬಿಸಿಯಾದ ಆ ವರ್ಷಗಳಲ್ಲಿ ಚೀನಾ ಮತ್ತು ಬ್ರೆಜಿಲ್ ದೇಶಗಳೂ ಬರದಿಂದ ನರಳಿದವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆದರೂ ಬಯಲುಸೀಮೆಗೆ ಬಿದ್ದ ಪೆಟ್ಟು ಮಲೆನಾಡಿಗೆ ಅಷ್ಟಾಗಿ ಬೀಳಲಿಲ್ಲ. ಕಡಲು ತಣಿದ ಮೇಲೆ ಮಳೆ ಹಿಂದಿರುಗಿತು.

ಬಂದುಹೋಗುವ ಇಂತಹ ಬರಗಳನ್ನು ಎದುರಿಸಲೆಂದೇ ಪೂರ್ವಿಕರು ಕೆರೆಗಳನ್ನು ಕಟ್ಟಿಸಿದರು. ಬಟವಾಡಿಗೆ ಸಮೀಪದ ಮಂದರಗಿರಿಯ ಬಸದಿಗಳ ಬಳಿ ನಿಂತರೆ ಕೆಳಗೆ ಮೈದಾಳ ಕೆರೆ ಕಾಣುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆ, ಕುಣಿಗಲಿನ ದೊಡ್ಡಕೆರೆ ಇವೂ ಅದೇ ವಿವೇಕದ ಫಲ. ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ಕಾದಿರಿಸುವುದು ಅವುಗಳ ಧರ್ಮ.

ಇಂದಿನ ತಾಪದ ಸ್ವರೂಪ ಬೇರೆ. ಕಳೆದ ಒಂದೂವರೆ ಶತಮಾನದಲ್ಲಿಯೇ ಭೂಮಿಯ ಉಷ್ಣತೆ ಒಂದು ಡಿಗ್ರಿಗೂ ಮೀರಿ ಏರಿದೆ. 2024ರಲ್ಲಿ ಆ ಏರಿಕೆ ಒಂದೂವರೆ ಡಿಗ್ರಿಯನ್ನು ಮುಟ್ಟಿತು. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ಮೀರಿದೆ. ಅಂಟಾರ್ಕ್ಟಿಕದ ಹಿಮದೊಳಗೆ ಸಿಕ್ಕಿಕೊಂಡಿರುವ ಹಳೆಯ ಗಾಳಿಯ ಗುಳ್ಳೆಗಳನ್ನು ಪರೀಕ್ಷಿಸಿದಾಗ, ಕೈಗಾರಿಕಾ ಯುಗದವರೆಗಿನ ಎಂಟು ಲಕ್ಷ ವರ್ಷಗಳಲ್ಲಿ ಅದು ಸುಮಾರು 300ನ್ನು ದಾಟಿದ ನಿದರ್ಶನವಿಲ್ಲ. ಸೂರ್ಯನ ಪ್ರಖರತೆಯೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಕೆಳಗೆ ತಾಪ ಏರುತ್ತಿರುವಾಗ ಮೇಲಿನ ಪದರ ತಣಿಯುತ್ತಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಉರಿಸಿ ನಾವೇ ಹೊದಿಸಿದ ಕಂಬಳಿಯ ಗುರುತು ಇದು.

ತುಮಕೂರು ನಗರಕ್ಕೆ ಈಗ ಹೇಮಾವತಿಯ ನೀರು ನಾಲೆಯಲ್ಲಿ ಬರುತ್ತದೆ. ಅಂದು ಸಂಘವು ಮಳೆಯಿದ್ದ ನಾಡಿಗೆ ನಡೆಯಿತು. ಇಂದು ನಾವು ಪಶ್ಚಿಮ ಘಟ್ಟದ ಮಳೆಯನ್ನು ನಮ್ಮೂರಿಗೆ ತರಿಸಿಕೊಳ್ಳುತ್ತೇವೆ. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಒಂದು ವರ್ಷದ ಬರವನ್ನು ಪೂರ್ತಿಯಾಗಿ ಭೂತಾಪದ ತಲೆಗೆ ಕಟ್ಟುವುದು ಸರಿಯಾಗದು. ಆದರೂ ತಾಪ ಏರಿದಂತೆ ಕೆರೆಯ ನೀರು ಬೇಗ ಆರುತ್ತದೆ, ಸುರಿದರೆ ಒಮ್ಮೆಗೇ ಸುರಿಯುವ ಮಳೆ ಹೆಚ್ಚುತ್ತದೆ. ಇಡೀ ಭೂಮಿಯೇ ಬಿಸಿಯಾದರೆ ಸಂಘವು ಯಾವ ದಿಕ್ಕಿಗೆ ಹೊರಡಬೇಕು?

ಶ್ರಾವಕರಿಗೆ ಇಲ್ಲಿ ಒಂದು ನೈತಿಕ ಪ್ರಶ್ನೆಯೂ ಇದೆ. ಉಜ್ಜಯಿನಿಯ ಕ್ಷಾಮವನ್ನು ಮನುಷ್ಯರು ತಂದಿರಲಿಲ್ಲ. ಅಂದು ಬೇಕಾಗಿದ್ದುದು ಸಹನೆ ಮತ್ತು ದಾನ. ಇಂದಿನ ತಾಪದಲ್ಲಿ ನಮ್ಮ ಪಾಲಿದೆ. ಆದುದರಿಂದ ಸಂಯಮವೂ ಬೇಕು. ಅಗ್ನಿ, ವಾಯು, ಜಲಗಳಲ್ಲಿ ಜೀವವನ್ನು ಕಂಡ ಧರ್ಮ ನಮ್ಮದು. ನಿಷ್ಪ್ರಯೋಜಕ ಹಿಂಸೆಯನ್ನು ಅನರ್ಥದಂಡವೆಂದು ಕರೆದು, ಭೋಗೋಪಭೋಗಗಳಿಗೆ ಪರಿಮಾಣ ವಿಧಿಸಿದ ವ್ರತಗಳು ನಮ್ಮಲ್ಲಿವೆ. ಹೆಚ್ಚು ಉರಿಸಿದವರು ಒಬ್ಬರು, ಬೆಳೆ ಕಳೆದುಕೊಳ್ಳುವ ಪಾವಗಡದ ರೈತ ಇನ್ನೊಬ್ಬ ಎಂಬುದನ್ನು ಮರೆಯಬಾರದು. ಅದೇ ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಒಣಭೂಮಿಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿರುವುದು ಬೇರೆ ದಾರಿಯಿದೆ ಎಂಬುದಕ್ಕೆ ನಿದರ್ಶನ.

ಬಸದಿಗಳ ಆಡಳಿತ ಮಂಡಳಿಗಳು ಎರಡು ಕೆಲಸಗಳನ್ನು ಕೈಗೊಳ್ಳಬಹುದು. ಮೊದಲನೆಯದು, ಕ್ಷೇತ್ರದ ಕೊಳ, ಕಲ್ಯಾಣಿ, ಕಾಲುವೆಗಳ ಹೂಳೆತ್ತಿಸುವುದು. ಎರಡನೆಯದು, ಪ್ರತಿ ವರ್ಷ ಹಣದ ಲೆಕ್ಕ ಮಂಡಿಸುವಾಗ ಉರಿಸಿದ ಡೀಸೆಲ್ ಎಷ್ಟು, ಬಳಸಿದ ವಿದ್ಯುತ್ ಎಷ್ಟು ಎಂಬ ಲೆಕ್ಕವನ್ನೂ ಸಭೆಯ ಮುಂದಿಟ್ಟು, ಮರುವರ್ಷಕ್ಕೆ ಅದಕ್ಕೊಂದು ಮಿತಿ ಹಾಕಿಕೊಳ್ಳುವುದು. ಭದ್ರಬಾಹು ಸ್ವಾಮಿಗಳು ವಿಪತ್ತನ್ನು ಮೊದಲೇ ಅರಿತು ಹೇಳಿದರು. ಸಂಘವು ಕೇಳಿ ನಡೆದುಕೊಂಡಿತು. ಬರಲಿರುವುದು ನಮಗೂ ಈಗ ತಿಳಿದಿದೆ. ಕೇಳಿ ನಡೆದುಕೊಳ್ಳುವುದಷ್ಟೇ ಉಳಿದಿದೆ.